ಗದ್ದೆ ಬದಿಯ ಮೂರು ಪಿಲ್ಲರ್

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ನಾನು ಮೊದಲೆಲ್ಲ ಬಲಬದಿಯ ಕಿಟಕಿ ಸೀಟಿಗೆ ಹೊಡೆದಾಡುತ್ತಿದ್ದೆ. ಮಡಂತ್ಯಾರು ಪೇಟೆ ದಾಟಿ ಎರಡು ತಿರುವು ಕಳೆದರೆ ಬಲಕ್ಕೆ ನನ್ನ ಕಟ್ಟಡ ಕಾಣುತ್ತಿತ್ತು. ನನ್ನದು ಎಂದರೆ, ಜಾಗ ನನ್ನದಲ್ಲ, ಸಿಮೆಂಟು ನನ್ನದಲ್ಲ, ಅದರ ಬಾಡಿಗೆಯೂ ನನ್ನದಲ್ಲ. ನಕ್ಷೆ ಮಾತ್ರ ನನ್ನದು. ಅಷ್ಟಕ್ಕೇ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಪಕ್ಕದಲ್ಲಿ ಕೂತ, ಗುರುತು ಪರಿಚಯವಿಲ್ಲದ ಹೆಂಗಸಿಗೆ ಕೂಡ "ಅದು ನಾನು ಮಾಡಿದ ಬಿಲ್ಡಿಂಗ್" ಎಂದು ತೋರಿಸುತ್ತಿದ್ದೆ. ಒಬ್ಬಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಗಾರೆ ಕೆಲಸವಾ?" ಎಂದು ಕೇಳಿದ್ದಳು. ಅದಕ್ಕೂ ನಾನು ಖುಷಿಯಿಂದ ನಕ್ಕಿದ್ದೆ. ಈಗ ಎಡಬದಿಗೆ ಕೂರುತ್ತೇನೆ, ಆ ತಿರುವು ಬರುವಾಗ ಮೊಬೈಲ್ ನೋಡುತ್ತೇನೆ.

ನಾನು ಓದಿದ್ದು ಮೂಡುಬಿದಿರೆಯಲ್ಲಿ, ಕೆಲಸ ಕಲಿತದ್ದೂ ಅಲ್ಲೇ. ಪಾಣೆಮಂಗಳೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಒಬ್ಬ ಹಿರಿಯ ಇಂಜಿನಿಯರರ ಆಫೀಸಿಗೆ ಹೋಗುತ್ತಿದ್ದೆ. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಎರಡು ವರ್ಷ ನನ್ನ ಕೈಯಲ್ಲಿ ಅವರು ನಕ್ಷೆ ಬರೆಸಿದ್ದು ಕಂಪೌಂಡ್ ಗೋಡೆ, ಸೆಪ್ಟಿಕ್ ಟ್ಯಾಂಕ್, ಮೆಟ್ಟಿಲಿನ ಅಡಿಯ ಕಕ್ಕಸು. ಪುತ್ತಿಗೆ ಕಡೆಯ ಅರ್ಧ ಊರಿನ ಕಕ್ಕಸುಗಳ ಅಳತೆ ನನಗೆ ಬಾಯಿಪಾಠ ಇತ್ತು. ಆದರೆ ಸರ್ ಒಂದು ವಿಷಯ ಕಲಿಸಿದ್ದರು, ಅದನ್ನು ಅಲ್ಲಗಳೆಯುವುದಿಲ್ಲ. "ಕಟ್ಟಡವನ್ನು ಎಲ್ಲರೂ ಮೇಲಿನಿಂದ ನೋಡ್ತಾರೆ, ನಾವು ಕೆಳಗಿನಿಂದ ನೋಡ್ಬೇಕು. ಫೂಟಿಂಗ್ ಎಂತ ಉಂಟು ಅಂತ ಲೆಕ್ಕ ಮಾಡದೆ ಸಹಿ ಹಾಕ್ಲಿಕ್ಕೆ ಇಲ್ಲ" ಎನ್ನುತ್ತಿದ್ದರು. ಫೂಟಿಂಗ್ ಎಂದರೆ ಪಿಲ್ಲರಿನ ಅಡಿಯಲ್ಲಿ, ಮಣ್ಣಿನೊಳಗೆ ಕೂತ ಕಾಂಕ್ರೀಟಿನ ಪಾದ. ಮೇಲಿನ ಭಾರವೆಲ್ಲ ಅದರ ಮೇಲೆಯೇ.

ನನಗೆ ಮೊದಲ ಕಟ್ಟಡ ಕೊಟ್ಟವರು ಮಾವ, ಅಮ್ಮನ ಅಣ್ಣ. ಗಲ್ಫಿನಲ್ಲಿ ದೊಡ್ಡ ಕಟ್ಟಡ ಕಟ್ಟುವ ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಹೆಲ್ಮೆಟ್ಟು, ಗ್ಲೌಸು, ಬೂಟು ಹಂಚುವ ಕೆಲಸ. ಊರಿಗೆ ಬಂದು ಹೇಳುವಾಗ ಮಾತ್ರ "ನಾವು ನಲವತ್ತು ಮಾಳಿಗೆ ಎತ್ತಿದ್ದೇವೆ ಮಾರಾಯ್ತಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆದರೆ ಅವರ ಮೇಲೆ ನನಗೆ ಪ್ರಾಣ. ಅಪ್ಪ ತೀರಿಕೊಂಡಾಗ ಅಮ್ಮನನ್ನೂ ನನ್ನನ್ನೂ ಕೈಹಿಡಿದು ಕರೆತಂದು ಪಾಣೆಮಂಗಳೂರಿನ ಮನೆಯಲ್ಲಿ ಕೂರಿಸಿ, "ಇದು ನಿಮ್ಮದು, ಯಾರು ಎಂತ ಹೇಳ್ತಾರೆ ನೋಡುವ" ಎಂದವರು ಅವರು. ನಮ್ಮದು ಅಳಿಯಸಂತಾನದ ಕುಟುಂಬ. ಮನೆತನ ನಡೆಯುವುದು ಹೆಣ್ಣುಮಕ್ಕಳ ಕಡೆಯಿಂದ. ಮಾವನ ಸ್ವಂತ ಮಕ್ಕಳು ಅತ್ತೆಯ ಕುಟುಂಬಕ್ಕೆ ಸೇರಿದವರು. ಮಾವನ ಕುಟುಂಬಕ್ಕೆ ಸೇರಿದವಳು ನಾನು.

ಗಲ್ಫ್ ಬಿಟ್ಟು ಬಂದ ವರ್ಷ ಒಂದು ಭಾನುವಾರ ಮನೆಗೆ ಬಂದು, ಚಾ ಕುಡಿಯುತ್ತ, ನನ್ನ ಮುಖ ನೋಡದೆ ಹೇಳಿದರು: "ಮಡಂತ್ಯಾರಿನ ಜಾಗದಲ್ಲಿ ಒಂದು ಬಿಲ್ಡಿಂಗ್ ಮಾಡುವ ಅಂತ ಉಂಟು. ಕುಟುಂಬದಲ್ಲೇ ಇಂಜಿನಿಯರ್ ಇರುವಾಗ ನಾನು ಹೊರಗಿನವರ ಹತ್ರ ಎಂತಕ್ಕೆ ಹೋಗುದು?"

ಇವೆಲ್ಲ ತುಳುವಿನಲ್ಲಿ ಆಡಿದ ಮಾತು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವುದು ಟಿವಿ ಮಾತ್ರ. ಆದರೂ ಆ ವಾಕ್ಯ ನನಗೆ ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟೇ ಸಿಹಿ. ನಾನು ಎದ್ದು ಒಳಗೆ ಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತು ಬಂದೆ. ಅಮ್ಮ "ಎಂತ ಮರ್ಲಾ ನಿನಗೆ, ಒಬ್ಬಳೇ ನಗ್ತಿದ್ದೀ" ಎಂದಳು.

ಜಾಗ ನೋಡಿದ ಮೇಲೆ ನಗು ಸ್ವಲ್ಪ ಇಳಿಯಿತು. ರಸ್ತೆ ಬದಿಯ ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು, ಆ ಕೆಂಪು ಮಣ್ಣನ್ನೇ ಪಕ್ಕದ ಗದ್ದೆಗೆ ತಳ್ಳಿ, ಮಟ್ಟ ಮಾಡಿ ಇಟ್ಟಿದ್ದರು. ಮೇಲಿನಿಂದ ನೋಡಿದರೆ ಒಂದೇ ಅಂಗಳ. ಅಡಿಯಲ್ಲಿ ಅರ್ಧ ಮುರಕಲ್ಲು, ಅರ್ಧ ಕೆಸರು. ಹನ್ನೆರಡು ಪಿಲ್ಲರುಗಳಲ್ಲಿ ಒಂಬತ್ತು ಗಟ್ಟಿ ಕಲ್ಲಿನ ಮೇಲೆ ಬರುತ್ತಿದ್ದವು, ಮೂರು ಗದ್ದೆಯ ಮೇಲೆ. ಆ ಮೂರಕ್ಕೆ ಹೊಂಡ ತೆಗೆದಾಗ ಮೊಣಕಾಲಷ್ಟು ನೀರು ನಿಂತಿತು, ಒಂದು ಏಡಿ ಆರಾಮವಾಗಿ ಹೊರಗೆ ಬಂತು. ಮೇಸ್ತ್ರಿ ಅದನ್ನು ನೋಡಿ, "ಮೇಡಂ, ಇವನು ಇಲ್ಲಿಯ ಹಳೆಯ ಒಕ್ಕಲು" ಎಂದರು.

ನಾನು ಮಾವನನ್ನು ಕೂರಿಸಿಕೊಂಡು ಕೇಳಿದೆ: ಎಷ್ಟು ಮಾಳಿಗೆ? ಕೆಳಗೆ ಅಂಗಡಿ, ಮೇಲೆ ನಾನು ಮತ್ತು ನಿನ್ನ ಅತ್ತೆ, ಅಷ್ಟೇ ಎಂದರು. ಮುಂದೆ ಏರಿಸ್ತೀರಾ? ಇಲ್ಲ. ಖಂಡಿತ ಇಲ್ಲವಾ? "ಹೇ, ನನ್ನ ತಲೆಯ ಮೇಲೆ ಇನ್ಯಾರೂ ನಡೀಲಿಕ್ಕೆ ಬೇಡ ಮಗಾ, ಗಲ್ಫಿನಲ್ಲಿ ಸಾಕಾಗಿದೆ" ಎಂದರು. ಮೂರು ಸಲ ಕೇಳಿದೆ, ಮೂರು ಸಲವೂ ಇದೇ ಉತ್ತರ. ಹಾಗಾಗಿ ಗದ್ದೆ ಬದಿಯ ಮೂರು ಪಿಲ್ಲರಿಗೆ ಎರಡು ಅಂತಸ್ತಿನ ಭಾರಕ್ಕೆ ಸರಿಯಾಗಿ ಅಗಲವಾದ ಪಾದ ಲೆಕ್ಕ ಹಾಕಿದೆ. ನಾಲ್ಕು ಅಂತಸ್ತು ಎಂದಿದ್ದರೆ ನಾನು ಬೇರೆಯೇ ತರಹ ಮಾಡುತ್ತಿದ್ದೆ. ಕೆಸರು ಮುಗಿದು ಗಟ್ಟಿ ನೆಲ ಸಿಕ್ಕುವವರೆಗೆ ಇಳಿಯುತ್ತಿದ್ದೆ. ಈ ಮಾತು ನಾನು ಆಮೇಲೆ ಎಷ್ಟು ಜನರಿಗೆ ಹೇಳಿದ್ದೇನೋ, ಹೇಳಿ ಹೇಳಿ ನನಗೇ ಬೊಡಿದು ಸಾಕಾಗಿದೆ.

ಚಂದಕ್ಕೂ ಒಂದೆರಡು ಕೆಲಸ ಮಾಡಿದ್ದೆ. ಮೆಟ್ಟಿಲ ತಿರುವಿನಲ್ಲಿ ಗೋಡೆಯನ್ನು ಓರೆಯಾಗಿ ಸೀಳಿದಂತೆ ಒಂದು ಉದ್ದ ಕಿಟಕಿ ಇಟ್ಟೆ, ಹಗಲಲ್ಲಿ ಲೈಟ್ ಹಾಕದೆ ಮೇಲೆ ಹತ್ತಬಹುದು. ಅಂಗಡಿಗಳ ಮುಂದೆ, ಮಾಡಿನ ನೆರಳಿನಲ್ಲಿ, ಉದ್ದಕ್ಕೆ ಒಂದು ಕಟ್ಟೆ. ಆ ಜಾಗದಲ್ಲಿ ಬಸ್ಸಿಗೆ ಕಾಯುವವರಿಗೆ ನಿಲ್ಲಲು ನೆರಳೇ ಇರಲಿಲ್ಲ. ಕಟ್ಟೆ ಒಣಗುವ ಮೊದಲೇ ಒಬ್ಬ ಅಜ್ಜಿ ಅದರ ಮೇಲೆ ಕೂತು ಎಲೆ ಅಡಿಕೆ ಚೀಲ ಬಿಚ್ಚಿದ್ದರು. ಸಿಮೆಂಟು ಹಸಿ ಉಂಟು ಅಜ್ಜಿ ಎಂದರೆ, "ನಾನೂ ಹಗುರ ಇದ್ದೇನೆ" ಎಂದರು. ನನ್ನ ಜನ್ಮ ಸಾರ್ಥಕವಾದ ಹಾಗಾಯಿತು.

ಇನ್ನು ಕಂಬಿಯ ಕತೆ. ನಮ್ಮ ಊರಿನ ಯಾವ ಮನೆಯ ತಾರಸಿ ಹತ್ತಿದರೂ ನೀವು ನೋಡಬಹುದು: ಪ್ರತಿ ಪಿಲ್ಲರಿನ ತಲೆಯಿಂದ ಎರಡು ಮೊಳ ಕಬ್ಬಿಣದ ಕಂಬಿಗಳು ಮೇಲಕ್ಕೆ ನೆಟ್ಟಗೆ ನಿಂತಿರುತ್ತವೆ. ಮುಂದೆ ಯಾವತ್ತಾದರೂ ಮೇಲೆ ಕಟ್ಟುವುದಾದರೆ ಇರಲಿ ಎಂದು ಬಿಡುವುದು. ಕಟ್ಟುವುದು ನೂರರಲ್ಲಿ ಒಬ್ಬ. ಉಳಿದವರ ಕಂಬಿ ತುಕ್ಕು ಹಿಡಿಯುತ್ತದೆ, ಹೆಂಗಸರು ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಆದರೂ ಕಂಬಿ ಬಿಡದೆ ಸ್ಲ್ಯಾಬ್ ಮುಗಿಸುವುದೆಂದರೆ ನಮ್ಮವರಿಗೆ ಅಪಶಕುನ. ಮನೆ ಇಲ್ಲಿಗೆ ಮುಗಿಯಿತು, ಇನ್ನು ಏಳಿಗೆ ಇಲ್ಲ ಎಂದು ನಾವೇ ಬಾಯಿಬಿಟ್ಟು ಹೇಳಿದ ಹಾಗೆ.

ಮೇಲಿನ ಕೊನೆಯ ಸ್ಲ್ಯಾಬ್ ಹಾಕುವ ದಿನ ಮಾವ ಕೆಲಸದವರಿಗೆಲ್ಲ ಬಿರಿಯಾನಿ ತರಿಸಿದ್ದರು. ನಾನು ಮೇಲೆ ಹತ್ತಿ ನೋಡಿದರೆ ಹನ್ನೆರಡೂ ಪಿಲ್ಲರಿನಲ್ಲಿ ಕಂಬಿ ಬಿಟ್ಟಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. "ಇದನ್ನು ಕಟ್ ಮಾಡಿ, ನನ್ನ ನಕ್ಷೆಯಲ್ಲಿ ಇಲ್ಲ" ಎಂದೆ.

ಮೇಸ್ತ್ರಿ ತಲೆ ಕೆರೆದುಕೊಂಡರು. "ಕಟ್ ಮಾಡಿದ್ರೆ ನಾಳೆ ಊರಿನವರು ನನ್ನ ಕೆಲಸಕ್ಕೇ ಹೆಸರು ಇಡ್ತಾರೆ ಮೇಡಂ."

ಮಾವ ಕೆಳಗಿನಿಂದಲೇ ಕೂಗಿದರು: "ಶಾಸ್ತ್ರಕ್ಕೆ ಇರಲಿ ಮಗಾ! ನಿನ್ನ ಅತ್ತೆಗೆ ಬಟ್ಟೆ ಹಾಕ್ಲಿಕ್ಕಾದರೂ ಬೇಡವಾ?"

ಎಲ್ಲರೂ ನಕ್ಕರು. ಬಿರಿಯಾನಿ ಪರಿಮಳ ಬರುತ್ತಿತ್ತು, ಕಾಂಕ್ರೀಟು ಮಿಕ್ಸರು ತಿರುಗುತ್ತಿತ್ತು, ಹುಡುಗಿ ಹಠ ಮಾಡುತ್ತಾಳೆ ಎಂದು ಹತ್ತು ಜನ ನನ್ನನ್ನೇ ನೋಡುತ್ತಿದ್ದರು. ಆಯ್ತು, ಇರಲಿ ಎಂದೆ. ಮೇಸ್ತ್ರಿ ಕಂಬಿಗಳ ತುದಿಗೆ ಖಾಲಿ ನೀರಿನ ಬಾಟಲಿಗಳನ್ನು ಕವುಚಿ ಹಾಕಿದರು. ನನ್ನ ತಪ್ಪು ಇದು. ಬೇರೆಯವರ ತಪ್ಪು ಹೇಳುವ ಮೊದಲು ಇದನ್ನು ಹೇಳಲೇಬೇಕು.

ಮನಸ್ಸು ಕೇಳಲಿಲ್ಲ. ಮನೆಗೆ ಬಂದು ಅಡಿಪಾಯದ ನಕ್ಷೆಯ ಹಾಳೆ ಬಿಡಿಸಿ, ಬಲಗಡೆಯ ಕೆಳಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ: 'ಈ ಅಡಿಪಾಯ ಎರಡು ಅಂತಸ್ತಿಗೆ ಮಾತ್ರ. ಕಂಬಿ ಬಿಟ್ಟಿದ್ದರೂ ಮೇಲೆ ಕಟ್ಟಕೂಡದು.' ಕೆಳಗೆ ಸಹಿ, ತಾರೀಕು. ಲೈಸೆನ್ಸಿಗೆ ಕಚೇರಿಗೆ ಕೊಟ್ಟದ್ದು ಕಟ್ಟಡದ ಪ್ಲಾನ್ ಮಾತ್ರ, ಅಡಿಪಾಯದ ಹಾಳೆ ಇದೊಂದೇ. ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿ, "ಆಯ್ತಲ್ಲ, ಇನ್ನು ನಿನಗೆ ನಿದ್ದೆ ಬರ್ತದಾ?" ಎಂದು ನಕ್ಕು, ಹಾಳೆ ನಿನ್ನ ಹತ್ತಿರವೇ ಇರಲಿ ಎಂದರು. ಮಡಚುವಾಗ ಅದರ ಅಂಚು ಹರಿಯಿತು. ಗಮ್ ಕೇಳಿದರೆ ಅಮ್ಮ, "ಅನ್ನ ಇರುವಾಗ ಗಮ್ ಎಂತಕ್ಕೆ?" ಎಂದು, ಎರಡು ಅಗುಳು ಕುಚ್ಚಲಕ್ಕಿ ಅನ್ನ ತಂದು, ಬೆರಳಿನಲ್ಲಿ ಅರೆದು, ಹಿಂದಿನಿಂದ ಒಂದು ಕಾಗದದ ಚೂರು ಅಂಟಿಸಿಕೊಟ್ಟಳು. ನನ್ನ ಶಾಲೆಯ ಪುಸ್ತಕಗಳ ಲೇಬಲ್ಲು, ಮದುವೆ ಕಾಗದದ ಕವರು, ಕರೆಂಟ್ ಬಿಲ್ಲಿನ ಹರಿದ ಮೂಲೆ, ಎಲ್ಲವನ್ನೂ ಅವಳು ಅಂಟಿಸುವುದು ಅನ್ನದಲ್ಲೇ. ಒಣಗಿದ ಮೇಲೆ ಅಲ್ಲಲ್ಲಿ ಸಣ್ಣ ಗಂಟು ಉಳಿಯುತ್ತದೆ, ಸ್ವಲ್ಪ ಕೆಂಪು ಛಾಯೆ ಬರುತ್ತದೆ. ಹಾಳೆಯನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟೆ.

ಗೃಹಪ್ರವೇಶದ ದಿನ ಮೈಕಿನಲ್ಲಿ ಮಾವ ನನ್ನನ್ನು ಕರೆದು ಶಾಲು ಹೊದೆಸಿದರು. "ನನ್ನ ಮಕ್ಕಳು ಬೇರೆ ಕುಟುಂಬದವರು. ಇವಳು ನನ್ನ ಕುಟುಂಬ, ನನ್ನ ಮನೆ ಎಬ್ಬಿಸಿದ್ದು ಇವಳು" ಎಂದರು. ಮೆಟ್ಟಿಲ ಬುಡದಲ್ಲಿ ಕಪ್ಪು ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸಿದ್ದರು. ನಾನು ಅಳಬಾರದೆಂದು ಸರ್ ಕಡೆ ನೋಡಿದೆ, ಅವರೂ ಬಂದಿದ್ದರು. ಅವರು ತಟ್ಟೆಯಿಂದ ತಲೆ ಎತ್ತಿ ಹೆಬ್ಬೆರಳು ತೋರಿಸಿದರು.

ಆಮೇಲೆ ನನಗೆ ಚಿಕ್ಕಮಗಳೂರು ಕಡೆ ಒಂದು ಸೇತುವೆಯ ಕೆಲಸ ಸಿಕ್ಕಿತು. ಹೋಗಿ ಬರುವುದು ಕಷ್ಟ, ಅಲ್ಲೇ ರೂಮು ಮಾಡಿದೆ. ಚೌತಿಗೆ ಬರುತ್ತೇನೆ ಎಂದು ಫೋನ್ ಮಾಡಿದರೆ ಅಮ್ಮ, "ಬೇಡ ಮಗಾ, ಘಾಟಿಯಲ್ಲಿ ಮಣ್ಣು ಕುಸಿಯುತ್ತದಂತೆ, ನಾನೇ ಬರ್ತೇನೆ" ಎಂದು ಪತ್ರೊಡೆ ಕಟ್ಟಿಕೊಂಡು ಬಸ್ಸು ಹತ್ತಿ ಬಂದಳು. ಮಣ್ಣು ಕುಸಿಯುವ ಘಾಟಿಯಲ್ಲಿ ನೀನು ಹೇಗೆ ಬಂದೆ ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ಪತ್ರೊಡೆ ತಿನ್ನುವ ಗಡಿಬಿಡಿ. ದೀಪಾವಳಿಗೂ ಹೀಗೇ ಏನೋ ಒಂದು ನೆವ.

ಬಂದದ್ದು ಎಂಟು ತಿಂಗಳ ಮೇಲೆ. ಘಾಟಿ ಇಳಿದು ಬೆಳ್ತಂಗಡಿಯಲ್ಲಿ ಬಂಟ್ವಾಳದ ಬಸ್ಸು ಹತ್ತಿದೆ. ಆ ದಿಕ್ಕಿನಿಂದ ಬರುವಾಗ ನನ್ನ ಕಟ್ಟಡ ಎಡಕ್ಕೆ ಸಿಗುತ್ತದೆ. ಎಡಗಡೆ ಕಿಟಕಿ ಹಿಡಿದು ಕೂತಿದ್ದೆ. ತಿರುವು ಬಂತು. ನನ್ನ ಕಟ್ಟಡ ಸಿಗಲಿಲ್ಲ. ಅದರ ಜಾಗದಲ್ಲಿ ನಾಲ್ಕು ಮಾಳಿಗೆಯ ಯಾವುದೋ ಕಟ್ಟಡ ಇತ್ತು, ಅದರ ಮುಂದೆ ನನ್ನ ಕಟ್ಟೆ ಇತ್ತು.

"ನಿಲ್ಲಿಸಿ, ನಿಲ್ಲಿಸಿ!" ಎಂದು ಬೊಬ್ಬೆ ಹೊಡೆದು ಇಳಿದೆ. ರಸ್ತೆಯ ಆಚೆ ನಿಂತು ಬೆರಳು ಮಡಚಿ ಎಣಿಸಿದೆ. ಮೂರನೆಯದರಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು, ಕಿಟಕಿಯ ತುಂಬ ಹುಡುಗಿಯರ ತಲೆಗಳು. ನಾಲ್ಕನೆಯದರಲ್ಲಿ ಎರಡು ಸಂಸಾರ, ಬಾಲ್ಕನಿಯಲ್ಲಿ ಮಗುವಿನ ಬಟ್ಟೆ. ಅದರ ಮೇಲೆ ಎರಡು ನೀರಿನ ಟ್ಯಾಂಕಿ. ಅದರ ಪಕ್ಕ, ದೇವರೇ, ಮತ್ತೆ ಕಂಬಿ ಬಿಟ್ಟಿದ್ದರು.

ಗದ್ದೆ ಬದಿಯ ಕೊನೆಯ ಅಂಗಡಿಯವರು ಶಟರ್ ಎಳೆಯುತ್ತಿದ್ದರು. ಅದು ಅರ್ಧಕ್ಕೆ ಬಂದು ನಿಂತಿತು. "ಎರಡು ತಿಂಗಳಿಂದ ಹೀಗೆ ಮೇಡಂ, ಎಷ್ಟು ಗ್ರೀಸ್ ಹಾಕಿದರೂ ಇಲ್ಲ" ಎಂದರು. ಗ್ರೀಸಿನಿಂದ ಎಂತ ಆಗುತ್ತದೆ! ಶಟರಿನ ಒಂದು ಬದಿಯ ಪಿಲ್ಲರ್ ಕಲ್ಲಿನ ಮೇಲೆ, ಇನ್ನೊಂದು ಬದಿಯದು ಗದ್ದೆಯ ಮೇಲೆ. ಗದ್ದೆಯದು ಭಾರಕ್ಕೆ ಕುಸಿದು ಕೂತಿತ್ತು. ಒಳಗೆ ಹೋದರೆ ನನ್ನ ಓರೆ ಕಿಟಕಿಯ ಮೂಲೆಯಿಂದ ಒಂದು ಬಿರುಕು ಮೇಲಕ್ಕೆ ಹೊರಟಿತ್ತು, ಉಗುರು ಹೋಗುವಷ್ಟು. ಅದರ ಮೇಲೆ ಯಾರೋ ಪೈಂಟ್ ಬಳಿದಿದ್ದರು, ಪೈಂಟೂ ಸೀಳಿತ್ತು.

ಮಾವ ಬಾಗಿಲು ತೆರೆದು, "ಓ, ಬಾ ಮಗಾ, ಎಂತ ಹೇಳದೆ ಕೇಳದೆ? ಬೆಲ್ಲ ನೀರು ತರ್ಲಿಕ್ಕೆ ಹೇಳ್ತೇನೆ" ಎಂದರು.

"ಬೆಲ್ಲ ನೀರು ಬೇಡ. ಮೇಲೆ ಎಂತ ಮಾಡಿದ್ದು ಇದು?"

"ಜಾಗ ಸುಮ್ಮನೆ ಬಿದ್ದಿತ್ತಲ್ಲ."

"ನಾನು ಹೇಳಿದ್ದಲ್ವಾ ಮಾವ! ಮೂರು ಸಲ ಕೇಳಿದ್ದಲ್ವಾ! ಬರೆದು ತೋರಿಸಿದ್ದಲ್ವಾ!"

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಅದೇ ನನಗೆ ಇವತ್ತಿಗೂ ಉರಿಯುವುದು. ಸಮಾಧಾನದಲ್ಲಿ ಕೇಳಿದರು: "ಕಟ್ಲಿಕ್ಕೆ ಇಲ್ಲದಿದ್ರೆ ಕಂಬಿ ಬಿಡ್ಲಿಕ್ಕೆ ಒಪ್ಪಿದ್ದು ಎಂತಕ್ಕೆ? ನೀನು ಹೆದರಿ ಹಾಗೆ ಬರೆದದ್ದು. ಎಲ್ಲ ಇಂಜಿನಿಯರ್‌ಗಳೂ ಹೆದರಿಯೇ ಬರೆಯುದು. ನಿನ್ನ ಸರ್ ನೋಡಿ ಸಹಿ ಹಾಕಿದ್ದಾರೆ, ಮತ್ತೆ ಎಂತ?"

ನನ್ನ ಸರ್! ಮೆಟ್ಟಿಲು ಇಳಿಯುತ್ತಲೇ ಫೋನ್ ಮಾಡಿದೆ. ಅವರು, "ನಿನ್ನ ಮಾವನೇ ಬಂದದ್ದಲ್ವಾ, ನಾಲ್ಕು ಮಾಳಿಗೆಗೆ ಅಂತಲೇ ನೀನು ಮಾಡಿದ್ದು ಅಂತ ಹೇಳಿದ್ರು. ನಾನು ಹೋಗಿ ನೋಡಿದೆ, ಕಂಬಿ ಬಿಟ್ಟಿತ್ತು. ನಿನ್ನ ಫೂಟಿಂಗ್ ಹಾಳೆಯೂ ಕೊಟ್ರು, ಅದರಲ್ಲಿ ಬೇಡ ಅಂತ ಎಲ್ಲಿಯೂ ಇರ್ಲಿಲ್ಲ" ಎಂದರು.

"ಲೆಕ್ಕ ಮಾಡಿ ನೋಡಿದ್ರಾ ಸರ್?"

"ನೀನು ಮಾಡಿದ್ದು ಅಂತ ನಂಬಿದೆ" ಎಂದರು.

ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ. ಒಂದು ಫೋನ್, ಒಂದೇ ಒಂದು ಫೋನ್ ಮಾಡಬಹುದಿತ್ತು. ಎರಡು ವರ್ಷ ನನ್ನ ಕಿವಿಗೆ ಫೂಟಿಂಗ್ ಫೂಟಿಂಗ್ ಎಂದು ಊದಿದವರು ತಾರಸಿ ಹತ್ತಿ ಕಂಬಿ ನೋಡಿ ಬಂದಿದ್ದರು. ಮನೆಗೆ ಹೋಗಲು ಮನಸ್ಸಾಗಲಿಲ್ಲ, ತಿರುಗಿ ಬೆಳ್ತಂಗಡಿಯ ಬಸ್ಸು ಹತ್ತಿದೆ. ಲೈಸೆನ್ಸಿನ ಕಡತ ಅಲ್ಲಿಯ ಕಚೇರಿಯಲ್ಲಿ ಇತ್ತು. ಅಲ್ಲಿಯ ಅಧಿಕಾರಿ, ಊಟದ ಹೊತ್ತಾದರೂ, ಕಡತ ತೆಗೆಸಿ ನನ್ನ ಮುಂದೆ ಇಟ್ಟರು. ಒಳಗೆ ನನ್ನ ಅಡಿಪಾಯದ ಹಾಳೆಯ ಜೆರಾಕ್ಸ್ ಇತ್ತು. ನನ್ನ ಗೆರೆಗಳೇ, ನನ್ನ ಅಂಕೆಗಳೇ, ಹರಿದ ಅಂಚು ಕೂಡ ಇತ್ತು. ಬಲಗಡೆಯ ಕೆಳಮೂಲೆ ಮಾತ್ರ ಖಾಲಿ. ಅಲ್ಲಿ ಒಂದು ತೆಳು ಚೌಕದ ನೆರಳು ಬಿದ್ದಿತ್ತು, ಏನೋ ಮುಚ್ಚಿ ಜೆರಾಕ್ಸ್ ಮಾಡಿದರೆ ಬೀಳುವ ನೆರಳು.

"ಇಲ್ಲಿ ನನ್ನ ಬರಹ ಇತ್ತು" ಎಂದೆ.

ಅವರು ನಿಧಾನವಾಗಿ, ಕಚೇರಿಯ ಕನ್ನಡದಲ್ಲಿ ಹೇಳಿದರು: "ಇತ್ತು ಅಂತ ನೀವು ಹೇಳ್ತೀರಿ. ನಾಳೆ ಅವರು, ಇವಳು ಜಗಳ ಆದ ಮೇಲೆ ಬರೆದದ್ದು ಅಂತ ಹೇಳ್ತಾರೆ. ಮೂಲ ಹಾಳೆ ತನ್ನಿ ಮೇಡಂ. ನೋಡುವ."

ಬಸ್ಸಿನಲ್ಲಿ ಕೂತಾಗಲೇ ನನ್ನ ತಲೆ ಕೆಲಸ ಮಾಡಬೇಕಿತ್ತು. ಮೂಲ ಹಾಳೆ ಇದ್ದದ್ದು ನಮ್ಮ ಮನೆಯಲ್ಲಿ. ಕಪಾಟಿನ ಮೇಲೆ. ಆದರೆ ಕೆಲವು ವಿಷಯಗಳನ್ನು ತಲೆ ತಾನಾಗಿಯೇ ಯೋಚಿಸುವುದಿಲ್ಲ. ಮಾವ ಯಾವಾಗಲೋ ಬಂದಿರಬೇಕು, ಅಮ್ಮ ತೋಟದ ಕಡೆ ಹೋದಾಗ ತೆಗೆದಿರಬೇಕು ಎಂದೆಲ್ಲ ಅವರನ್ನು ಕಳ್ಳ ಮಾಡುತ್ತ ಮನೆ ಮುಟ್ಟಿದೆ. ಅಮ್ಮ ಜಗುಲಿಯಲ್ಲಿ ಬಸಳೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದವಳು ಹತ್ತಿರ ಬರಲಿಲ್ಲ.

ಸ್ಟೂಲು ಹಾಕಿ ಕೊಳವೆ ಇಳಿಸಿದೆ. ಹಾಳೆ ಬಿಡಿಸಿ ನೆಲದ ಮೇಲೆ ಹಾಸಿದೆ. ಕೆಳಮೂಲೆಯಲ್ಲಿ ನನ್ನ ಕೆಂಪು ಅಕ್ಷರಗಳ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿತ್ತು. ನೀಟಾಗಿ, ನಾಲ್ಕೂ ಬದಿ ಕತ್ತರಿ ಹಾಕಿ. ಬೆರಳಿನಿಂದ ಸವರಿದೆ. ಅಲ್ಲಲ್ಲಿ ಸಣ್ಣ ಸಣ್ಣ ಗಂಟು ಸಿಕ್ಕಿತು. ಅಂಚಿನಲ್ಲಿ ಕೆಂಪು ಛಾಯೆ.

ಅನ್ನ.

ಅಮ್ಮ ಬಾಗಿಲಿನಲ್ಲಿ ಬಂದು ನಿಂತಳು, ಕೈಯಲ್ಲಿ ಬಸಳೆಯ ದಂಟು ಹಾಗೇ ಇತ್ತು.

"ಅಣ್ಣ ಕೇಳಿದ" ಎಂದಳು. "ಬಿ.ಸಿ.ರೋಡಿಗೆ ಹೋಗಿ ಜೆರಾಕ್ಸ್ ಮಾಡಿಸಿ ತಾ, ಆ ಮೂಲೆ ಕಾಣ್ಬಾರದು ಅಂದ. ನಾನು ಎಂತ ಹೇಳುದು? ನಿನ್ನ ಅಪ್ಪ ಹೋದಾಗ ನಮ್ಮನ್ನು ನೋಡಿದ್ದು ಯಾರು?"

"ಹಾಗಾದರೆ ಆ ಪತ್ರೊಡೆ, ನಾನು ಊರಿಗೆ ಬರಬಾರದು ಅಂತಲಾ?"

ಚೌತಿಯ ವಾರ ಮೂರನೆಯ ಸ್ಲ್ಯಾಬ್ ಹಾಕಿದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಮಾವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಪ್ರತಿ ಸ್ಲ್ಯಾಬಿನ ಫೋಟೋ ಇತ್ತಂತೆ. ಕುಟುಂಬದವರೆಲ್ಲ ನೋಡಿ ಹೂವು, ಕೈಮುಗಿಯುವ ಚಿತ್ರ ಕಳಿಸಿದ್ದರಂತೆ. ನನ್ನೊಬ್ಬಳಿಗೆ ಮಾತ್ರ ಕಾಣದ ಹಾಗೆ ಮಾಡಿದ್ದರು. ಸ್ಟೋರ್ ಕೀಪರಿಗೆ ಅಷ್ಟು ಅಚ್ಚುಕಟ್ಟು ಇರುತ್ತದೆ.

ನಾನು ಆ ದಿನ ಬಾಯಿಗೆ ಬಂದಹಾಗೆ ಬೈದೆ. ಮಾವನನ್ನು ಬೈದೆ, ಸರ್ ಅವರನ್ನು ಬೈದೆ, ಅಮ್ಮನನ್ನು ಬೈದೆ. ಮೇಲೆ ಮಗು ಉಂಟು, ಗೊತ್ತುಂಟಾ ನಿನಗೆ, ಮೂವತ್ತು ಹುಡುಗಿಯರು ಕಂಪ್ಯೂಟರ್ ಕಲೀತಾರೆ, ಗೊತ್ತುಂಟಾ ಎಂದು ಕಿರುಚಿದೆ. ಅವಳು ಬಸಳೆ ದಂಟನ್ನು ಚೂರು ಚೂರು ಮುರಿಯುತ್ತ ನಿಂತಿದ್ದಳು. ಕೊನೆಗೆ ಹೇಳಿದಳು: "ಒಂದು ಗೆರೆ ಮುಚ್ಚಿದರೆ ಎಂತ ಆಗ್ತದೆ ಅಂತ ಗ್ರಹಿಸಿದೆ."

ಪಟ್ಟಿಗೆ ನೀರು ಮುಟ್ಟಿಸಿದರೆ ಬಿಟ್ಟು ಬರುತ್ತಿತ್ತು. ಬರೇ ಕೆಂಪು ಅಕ್ಷರದ ಹಾಳೆ ಕೊಡಬಹುದಿತ್ತು, ಅಮ್ಮನ ಸುದ್ದಿ ಬರುತ್ತಿರಲಿಲ್ಲ. ಆದರೆ ಆಗ ಅಧಿಕಾರಿ ಹೇಳಿದ ಹಾಗೆ, ಇವಳು ನಿನ್ನೆ ಬರೆದದ್ದು ಎನ್ನಬಹುದಿತ್ತು. ನನ್ನ ಬರಹ ಮೊದಲೇ ಇತ್ತು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಅದರ ಮೇಲೆ ಒಣಗಿ ಕೂತ ಅಮ್ಮನ ಅನ್ನ. ಮರುದಿನ ಬೆಳಿಗ್ಗೆ ಹಾಳೆಯನ್ನು ಹಾಗೆಯೇ ಸುತ್ತಿಕೊಂಡು ಹೊರಟೆ. ಅಮ್ಮ ಕೊಳವೆಯನ್ನು ನೋಡಿದಳು, ತಡೆಯಲಿಲ್ಲ.

ಅಧಿಕಾರಿ ಪಟ್ಟಿಯ ಮೂಲೆಯನ್ನು ಉಗುರಿನಿಂದ ಮೆಲ್ಲ ಎಬ್ಬಿಸಿ ಅಡಿಯ ಕೆಂಪು ಬರಹ ನೋಡಿದರು, ತಾರೀಕು ನೋಡಿದರು, ಜೆರಾಕ್ಸಿನ ನೆರಳಿನ ಮೇಲೆ ಇಟ್ಟು ಅಳತೆ ನೋಡಿದರು. ಎರಡೂ ಕೂದಲೆಳೆಯಷ್ಟೂ ತಪ್ಪದೆ ಕೂತವು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ಇದನ್ನು ಅಂಟಿಸಿದ್ದು ಯಾರು ಅಂತ ಗೊತ್ತುಂಟಾ?" ಎಂದು ಕೇಳಿದರು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮಾವ ಎನ್ನಬಹುದಿತ್ತು, ಗೊತ್ತಿಲ್ಲ ಎನ್ನಬಹುದಿತ್ತು.

"ನನ್ನ ತಾಯಿ" ಎಂದೆ. ಅವರು ಬರೆದುಕೊಂಡರು.

ತಿಂಗಳೊಳಗೆ ಪರೀಕ್ಷೆ ಮಾಡುವವರು ಬಂದರು, ನೋಟಿಸು ಅಂಟಿಸಿದರು. ಕಂಪ್ಯೂಟರ್ ಕ್ಲಾಸು ಬೇರೆ ಕಡೆ ಹೋಯಿತು, ಮಗುವಿನ ಬಟ್ಟೆ ಬಾಲ್ಕನಿಯಿಂದ ಇಳಿಯಿತು. ಮೇಲಿನ ಎರಡು ಮಾಳಿಗೆಯನ್ನು ಈಗ ಒಂದೊಂದೇ ಗೋಡೆ ಒಡೆದು ಇಳಿಸುತ್ತಿದ್ದಾರೆ. ಸರ್ ಒಂದು ಮೆಸೇಜು ಕಳಿಸಿದರು, ನೀನು ಮೊದಲು ನನ್ನ ಹತ್ತಿರ ಬಂದು ಮಾತಾಡಬಹುದಿತ್ತು ಎಂದು. ನಾನು ಉತ್ತರ ಕೊಟ್ಟಿಲ್ಲ. ಮೆಟ್ಟಿಲ ಬುಡದ ಕಲ್ಲಿನಲ್ಲಿ ನನ್ನ ಹೆಸರಿನ ಮೇಲೆ ಸಿಮೆಂಟು ಬಳಿದಿದ್ದಾರೆ ಎಂದು ಕೊನೆಯ ಅಂಗಡಿಯವರು ಹೇಳಿದರು. ಮುಚ್ಚುವ ಕೆಲಸ ನಮ್ಮ ಕುಟುಂಬಕ್ಕೆ ಚೆನ್ನಾಗಿ ಬರುತ್ತದೆ.

ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಸೇರಿ ದೈವಕ್ಕೆ ತಂಬಿಲ ಕೊಡುವ ಕ್ರಮ ಉಂಟು. ಈ ಸಲ ನಮಗೆ ಬನ್ನಿ ಎಂಬ ಹೇಳಿಕೆ ಬರಲಿಲ್ಲ. ನನಗೆ ಬರುವುದಿಲ್ಲ ಎಂದು ಗೊತ್ತಿತ್ತು, ಆದರೆ ಅಮ್ಮನಿಗೂ ಬರಲಿಲ್ಲ. ಆ ದಿನ ಅವಳು ಬೆಳಿಗ್ಗೆಯೇ ಮಿಂದು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಹನ್ನೊಂದು ಗಂಟೆಯವರೆಗೆ ಫೋನಿನ ಹತ್ತಿರ ಕೂತಿದ್ದಳು. ಆಮೇಲೆ ಸೀರೆ ಬದಲಿಸಿ ಅಡುಗೆಮನೆಗೆ ಹೋದಳು. ಊಟಕ್ಕೆ ಕೂತಾಗ, ನನ್ನ ಬಟ್ಟಲಿಗೆ ಅನ್ನ ಹಾಕುತ್ತ, ನನ್ನ ಮುಖ ನೋಡದೆ ಹೇಳಿದಳು:

"ಜೆರಾಕ್ಸ್ ಆದ ಮೇಲೆ ಆ ಪಟ್ಟಿ ತೆಗೆದುಹಾಕು ಅಂತ ಅಣ್ಣ ಹೇಳಿದ್ದ. ನಾನು ತೆಗ್ದಿದ್ದೇನೆ ಅಂತ ಹೇಳಿದೆ."

ನನ್ನ ಕೈ ನಿಂತಿತು. ಅಷ್ಟು ತಿಂಗಳು ಆ ಹಾಳೆ ಅವಳ ಕಣ್ಣೆದುರೇ ಕಪಾಟಿನ ಮೇಲೆ ಇತ್ತು. ಒಂದು ಬೆರಳು ನೀರು ಸಾಕಿತ್ತು.

"ನಾನು ನೋಡಲಿ ಅಂತ ಇಟ್ಟದ್ದಾ?" ಎಂದು ಕೇಳಿದೆ. "ಹಾಗಾದರೆ ಬಾಯಿಬಿಟ್ಟು ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಹೇಳಿದ್ದರೆ ಅಣ್ಣನಿಗೆ ಮೋಸ ಆಗ್ತಿತ್ತು" ಎಂದಳು ಅಮ್ಮ.

ನನಗೆ ಆಗಲೂ ಸಿಟ್ಟು ಬಂತು, ಈಗ ಬರೆಯುವಾಗಲೂ ಬರುತ್ತಿದೆ. ಅವಳು ಇನ್ನೊಂದು ಸೌಟು ಅನ್ನ ಹಾಕಿದಳು, ನಾನು ಬೇಡ ಎನ್ನಲಿಲ್ಲ.